ಗಂಟಲಕ್ಕ ಬೆಂಚು ಗುದ್ದಿದ್ದು

ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಅವಳನ್ನು ಯಾರೂ ಕರೆಯುವುದಿಲ್ಲ. ಲಾಂಡ್ರಿಯವರಿಗೆಲ್ಲ ಅವಳು ಗಂಟಲಕ್ಕ. ಆಸ್ಪತ್ರೆಗಳ ಚಾದರ, ಹೋಟೆಲುಗಳ ಟವೆಲು ಒಗೆಯುವ ಆ ಶೆಡ್ಡಿನಲ್ಲಿ ಯಂತ್ರಗಳು ಗರಗರ ತಿರುಗುತ್ತಿದ್ದರೂ, ಹಬೆ ಬುಸುಗುಡುತ್ತಿದ್ದರೂ, ಈ ತುದಿಯಲ್ಲಿ ಅವಳು ಬೈದರೆ ಆ ತುದಿಯಲ್ಲಿ ಬಟ್ಟೆ ಮಡಚುವವಳ ಕೈ ಚುರುಕಾಗುತ್ತಿತ್ತು. ಸಭೆಯಲ್ಲಿ ಮೈಕು ಕೈಕೊಟ್ಟರೆ ಅವಳನ್ನೇ ಎಬ್ಬಿಸಿ ನಿಲ್ಲಿಸುತ್ತಿದ್ದರು. ಲಾಂಡ್ರಿ ಹೆಂಗಸರ ಸಂಘದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು ನಿವೃತ್ತ ಗಣಿತದ ಮೇಷ್ಟ್ರು. "ಮೈಕಿಗೆ ಯಾಕ್ರಪ್ಪಾ ಬಾಡಿಗೆ, ಇವಳಿಗೊಂದು ಚಾ ಕೊಡ್ಸಿ ಸಾಕು" ಎಂದು ಅವರು ಒಮ್ಮೆ ಆಡಿದ ಮಾತು ಅಲ್ಲಿ ಗಾದೆಯಾಗಿಬಿಟ್ಟಿತು.

ಮಾಲೀಕ ಸಂಬಳ ಮುಳುಗಿಸಿ ಪರಾರಿಯಾದ ವರ್ಷ ಹೆಂಗಸರೆಲ್ಲ ಲಾಂಡ್ರಿಯ ಬಾಗಿಲಿಗೇ ಕೂತು ಮುಷ್ಕರ ಹೂಡಿದ್ದರು. ಇನ್ಸ್‌ಪೆಕ್ಟರ್ ಅವರ ನಡುವೆ ನುಗ್ಗಿ, "ಯಾರೇ ನಿಮ್ಮ ಲೀಡರು? ಎದ್ದು ನಿಲ್ಲಿ!" ಎಂದು ಗದರಿದ. ಗಂಟಲಕ್ಕ ಕೂತಿದ್ದ ಬೆಂಚಿಗೆ ಮುಷ್ಟಿಯಿಂದ ಮೂರು ಸಲ ಗುದ್ದಿದಳು. ಎಲ್ಲರೂ ಎದ್ದರು. ಬಲಗೈ ಮೇಲೆತ್ತಿ, "ನಾನೇ!" ಎಂದರು. ತಿಂಗಳು ತುಂಬಿದ ಬಸುರಿಯೂ ಎದ್ದಳು. ಅಷ್ಟೂ ಜನರನ್ನು ತುಂಬಲು ವ್ಯಾನಿನಲ್ಲಿ ಜಾಗ ಸಾಲದೆ ಇನ್ಸ್‌ಪೆಕ್ಟರ್ ಗೊಣಗುತ್ತ ಹಿಂದಿರುಗಿದ. ಅಂದಿನಿಂದ ಮೂರು ಗುದ್ದು ಸಂಘದ ಕಟ್ಟಳೆ. ಗುದ್ದು ಬಿದ್ದ ಮೇಲೆ ಕೂತವಳು ಸಂಘದವಳಲ್ಲ. ಬಿಸ್ಕತ್ತಿನ ಡಬ್ಬ ಖಾಲಿ ಮಾಡಿದವರು ಯಾರು ಎಂದು ಮೇಷ್ಟ್ರು ಕೇಳಿದರೂ ಯಾರೋ ಮೇಜು ಗುದ್ದುವರು, ಎಲ್ಲರೂ ಎದ್ದು ನಿಂತು ನಗುವರು.

ಹೆಂಗಸರಿಗೆ ಕೋಳ ತೊಡಿಸಲಾಗದ ಸರ್ಕಾರ ಸಂಘದ ಬ್ಯಾಂಕ್ ಖಾತೆಗೆ ಕೋಳ ತೊಡಿಸಿತು. ಮುಷ್ಕರದ ನಿಧಿ ಮುಟ್ಟುಗೋಲಾಯಿತು. ಒಲೆ ಹಚ್ಚಲು ಗತಿಯಿಲ್ಲದ ಆ ದಿನಗಳಲ್ಲಿ ದಾರಿ ತೋರಿಸಿದವಳು ಗಂಟಲಕ್ಕನ ತಂಗಿಯ ಮಗಳು. ದೂರದ ಊರುಗಳ ಕಾರ್ಮಿಕರು ಕಳಿಸಿದ ನೆರವು ಬಿಟ್‌ಕಾಯಿನ್ ಆಗಿ ಫೋನಿಗೆ ಬಂತು, ಫೋನಿನಿಂದ ಅಕ್ಕಿಯಂಗಡಿಗೆ ಹೋಯಿತು. ಮುಷ್ಕರ ಗೆದ್ದಿತು. ಲಾಂಡ್ರಿ ಹೆಂಗಸರದೇ ಆಯಿತು.

ಆ ಹುಡುಗಿಗೆ ಈ ವಿದ್ಯೆ ಹೊಟ್ಟೆಪಾಡಿಗಿಂತ ಹೆಚ್ಚಿನ ಕಾರಣಕ್ಕೆ ಒಲಿದಿತ್ತು. ಅವಳ ಗಂಡ ಬ್ಯಾಂಕಿನ ಗುಮಾಸ್ತ. ಊರಿಗೆಲ್ಲ ಮರ್ಯಾದಸ್ಥ, ಮನೆಯೊಳಗೆ ಹುಲಿ. ಅವಳ ಬಲಗೈ ಮಣಿಕಟ್ಟನ್ನು ಬಾಗಿಲಿನ ಸಂದಿಗೆ ಸಿಕ್ಕಿಸಿ ಮುರಿದಿದ್ದ. ಮೂಳೆ ಸೊಟ್ಟಗೆ ಕೂಡಿತ್ತು. ಓಡಿಹೋಗಿ ಬೇರೆ ಊರಿನಲ್ಲಿ ಕೆಲಸ ಹಿಡಿದು ಖಾತೆ ತೆರೆದರೆ ಸಾಕು, ಯಾವ ಊರು, ಯಾವ ಶಾಖೆ ಎಂದು ಅವನ ಸ್ನೇಹಿತರು ಕಂಪ್ಯೂಟರಿನಲ್ಲಿ ನೋಡಿ ಹೇಳುತ್ತಿದ್ದರು. ಅವನು ಬಂದು ಬಾಗಿಲು ತಟ್ಟುತ್ತಿದ್ದ. ಕೊನೆಗೆ ಅವಳು ಬ್ಯಾಂಕಿನ ಸಹವಾಸವನ್ನೇ ಬಿಟ್ಟಳು. ಅವನಿಗೆ ಊರು ಗೊತ್ತಿಲ್ಲದ ದೊಡ್ಡಮ್ಮನ ಲಾಂಡ್ರಿ ಸೇರಿದಳು, ಅದು ಹೆಂಗಸರದಾದ ಮೇಲೆ ಸಂಬಳವನ್ನು ಬಿಟ್‌ಕಾಯಿನ್ನಿನಲ್ಲೇ ಪಡೆದಳು. ಅವನ ಕಣ್ಣಿಗೆ ಬೀಳದೆ ಬದುಕಿದ್ದಳು.

ಈ ಬಿಟ್‌ಕಾಯಿನ್ ಏನೆಂದು ಗಂಟಲಕ್ಕನಿಗೆ ಇವತ್ತಿಗೂ ಪೂರ್ತಿ ತಲೆಗೆ ಹತ್ತಿಲ್ಲ. ನಡುವೆ ಬ್ಯಾಂಕು ಇಲ್ಲ. ಕೆಲವು ಪದಗಳ ಗುಟ್ಟು ನೆನಪಿದ್ದರೆ ದುಡ್ಡು ನಮ್ಮದು, ಮರೆತರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅವಳಿಗೆ ಇಷ್ಟೇ ಗೊತ್ತು. ಆದರೆ ಸರ್ಕಾರ ಹೊಸ ನಿಯಮದ ಕರಡು ಹೊರಡಿಸಿದಾಗ ಅದು ತಲೆಗೆ ಹತ್ತಲು ಹೊತ್ತು ಬೇಕಾಗಲಿಲ್ಲ. ಇನ್ನು ಮೇಲೆ ಫೋನಿನೊಳಗೆ ಈ ದುಡ್ಡು ಇಡುವ ಪ್ರತಿ ವಾಲೆಟ್ಟಿಗೂ ಮಾಲೀಕರ ಹೆಸರು, ಮನೆ ವಿಳಾಸ ಅಂಟಿರಬೇಕು, ಆ ಮಾಹಿತಿ ಬ್ಯಾಂಕುಗಳಿಗೂ ಕಾಣಬೇಕು ಎಂದಿತ್ತು ಕರಡು.

"ಅಂದ್ರೆ ಅವನಿಗೂ ಕಾಣುತ್ತೆ" ಎಂದಳು ಹುಡುಗಿ. ಇಸ್ತ್ರಿಯಡಿ ಚಾದರ ಸುಟ್ಟ ವಾಸನೆ ಬರುವವರೆಗೂ ಅವಳು ಕೈ ತೆಗೆಯಲಿಲ್ಲ.

ಗಂಟಲಕ್ಕ ಬೀದಿಗಿಳಿದಳು. ಬಸ್ ನಿಲ್ದಾಣ, ತರಕಾರಿ ಮಾರುಕಟ್ಟೆ, ಗಾರ್ಮೆಂಟ್ಸ್ ಗೇಟು, ಎಲ್ಲೆಲ್ಲಿ ನಾಲ್ಕು ಜನ ನಿಲ್ಲುವರೋ ಅಲ್ಲೆಲ್ಲ ಭಾಷಣ. "ಅದು ಕಳ್ಳರ ದುಡ್ಡಲ್ವಾ ಅಕ್ಕಾ?" ಎಂದು ಕೇಳಿದ ಆಟೋದವನಿಗೆ, "ನಿನ್ನ ಜೇಬಲ್ಲಿರೋ ನೋಟನ್ನ ಕಳ್ಳರು ಮುಟ್ಟೇ ಇಲ್ವೇನೋ? ಮೂಸಿ ನೋಡು" ಎಂದಳು. ಜನ ನಕ್ಕರು. ನಗಿಸುವುದು ಸುಲಭ, ಒಪ್ಪಿಸುವುದು ಕಷ್ಟ ಎಂದು ಅವಳಿಗೂ ಗೊತ್ತಿತ್ತು.

ಸಂಘದೊಳಗೇ ಮೇಷ್ಟ್ರು ಒಪ್ಪಿರಲಿಲ್ಲ. "ನೋಡಮ್ಮಾ, ದೊಡ್ಡ ದೊಡ್ಡ ತಿಮಿಂಗಿಲಗಳು ತೆರಿಗೆ ತಪ್ಪಿಸೋಕೆ ಇದರೊಳಗೆ ಅಡಗ್ತಾರೆ. ನಾವು ಜೀವಮಾನ ಪೂರ್ತಿ ಶ್ರೀಮಂತರ ಲೆಕ್ಕ ತೋರ್ಸಿ ಅಂತ ಕೂಗಿದವರು. ಈಗ ಲೆಕ್ಕ ಕೇಳ್ಬೇಡಿ ಅಂತ ಕೂಗೋದಾ?"

"ತಿಮಿಂಗಿಲ ಹಿಡೀಲಿ ಮೇಷ್ಟ್ರೇ, ಬೇಡ ಅಂದೋರು ಯಾರು? ಇವರು ಬಲೆ ಹಾಕೋದು ನಮ್ಮ ಬಕೆಟ್ಟಿಗೆ."

"ಬಲೆ ಅಂದಮೇಲೆ ಎಲ್ಲಾ ಮೀನೂ ಬೀಳುತ್ತೆ."

"ಹೌದಾ? ತಿಮಿಂಗಿಲಕ್ಕೆ ಬಲೆ ಹರಿಯೋಕೆ ವಕೀಲರಿದ್ದಾರೆ. ನಮ್ಮ ಹುಡುಗಿಗೆ ಯಾರಿದ್ದಾರೆ?"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

ಸರ್ಕಾರ ಜನರ ಅಹವಾಲು ಕೇಳಲು ಸಭೆ ಕರೆಯಿತು. ಹೊರಡುವ ಮುಂಚೆ ಹುಡುಗಿ, "ನಾನೂ ಬರ್ತೀನಿ ದೊಡ್ಡಮ್ಮಾ. ಹಿಂದಿನ ಸಾಲಲ್ಲಿ ಕೂತಿರ್ತೀನಿ. ಬಾಯಿ ಬಿಡಲ್ಲ" ಎಂದಳು. ಮುಖಕ್ಕೆ ಆಸ್ಪತ್ರೆಯವರು ಹಾಕುವಂಥ ಮಾಸ್ಕು ಹಾಕಿಕೊಂಡಳು. ಗಂಟಲಕ್ಕ ಬೇಡವೆನ್ನಲಿಲ್ಲ. ಜನ ಹೆಚ್ಚಿದಷ್ಟೂ ಬಲ ಎಂದೇ ನಂಬಿ ಬಾಳಿದವಳು ಅವಳು.

ಸಭೆ ನಡೆದದ್ದು ಹವಾನಿಯಂತ್ರಿತ ಕೋಣೆಯಲ್ಲಿ. ಹಬೆಗೆ ಒಗ್ಗಿದ ಹೆಂಗಸರು ಚಳಿಗೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತರು. ಮೂಲೆಯಲ್ಲಿ ಮೂರು ಕಾಲಿನ ಮೇಲೆ ಕ್ಯಾಮೆರಾ ನಿಂತಿತ್ತು, ಅದರಲ್ಲೊಂದು ಕೆಂಪು ದೀಪ. ನೇರ ಪ್ರಸಾರವಾಗುತ್ತಿದೆ ಎಂದು ಬಾಗಿಲಿನ ಕಾವಲಿನವನು ಹೇಳಿದಾಗ ಗಂಟಲಕ್ಕನಿಗೆ ಖುಷಿಯೇ ಆಯಿತು. "ನೋಡ್ಲಿ ಬಿಡು, ಊರೆಲ್ಲ ನೋಡ್ಲಿ" ಎಂದಳು.

ಅಧಿಕಾರಿ ಸೌಮ್ಯ ಮನುಷ್ಯ. ಬೈಯಲಿಲ್ಲ, ಗದರಲಿಲ್ಲ. ಗಂಟಲಕ್ಕನ ಮಾತನ್ನು ಪೂರ್ತಿ ಕೇಳಿ, ನೀರು ಕುಡಿದು, ನಕ್ಕು ಹೇಳಿದ: "ಅಮ್ಮಾ, ಗೋಪ್ಯತೆ ಗೋಪ್ಯತೆ ಅಂತೀರಿ. ದುಡ್ಡು ಬಚ್ಚಿಡೋ ಅಗತ್ಯ ಇರೋ ಪ್ರಾಮಾಣಿಕ ಮನುಷ್ಯರು ಎಲ್ಲಿದ್ದಾರೆ? ಒಬ್ಬರನ್ನ ತೋರ್ಸಿ ನೋಡೋಣ."

ಇನ್ಸ್‌ಪೆಕ್ಟರನ ಬೈಗುಳಕ್ಕೂ ಏರದಿದ್ದ ಪಿತ್ತ ಆ ನಗೆಗೆ ನೆತ್ತಿಗೇರಿತು. ಅವಳ ಮುಷ್ಟಿ ತಾನಾಗಿ ಬೆಂಚಿನ ಮೇಲೆ ಬಿತ್ತು. ಒಂದು, ಎರಡು, ಮೂರು.

ಲಾಂಡ್ರಿಗೆ ಲಾಂಡ್ರಿಯೇ ಎದ್ದು ನಿಂತಿತು. ಬಲಗೈಗಳು ಮೇಲೆದ್ದವು. "ನಾನೇ!" ಎಂಬ ಕೂಗಿಗೆ ಕಿಟಕಿಯ ಗಾಜು ಅದುರಿತು. ಅಧಿಕಾರಿಯ ನಗೆ ಅಳಿಸಿಹೋಯಿತು. ಯಾರೋ ಚಪ್ಪಾಳೆ ತಟ್ಟಿದರು. ಬಹಳ ವರ್ಷಗಳ ಮೇಲೆ ಗಂಟಲಕ್ಕನ ಎದೆ ಹಳೆಯ ಹಾಗೆ ಉಬ್ಬಿತು.

ಮೆಟ್ಟಿಲಿಳಿಯುವಾಗ ಹುಡುಗಿ ಪಕ್ಕಕ್ಕೆ ಬಂದಳು.

"ದೊಡ್ಡಮ್ಮಾ, ಕ್ಯಾಮೆರಾ ಇತ್ತು."

"ಇರ್ಲಿ ಬಿಡೇ. ಅವನ ಮುಖ ನೋಡಿದ್ಯಾ? ಹರಳೆಣ್ಣೆ ಕುಡಿದೋರ ಥರ ಆಗಿತ್ತು!"

"ನಾನೂ ಎದ್ದೆ."

ಗಂಟಲಕ್ಕನ ಕಾಲು ಮೆಟ್ಟಿಲ ಮೇಲೇ ನಿಂತಿತು. ಹಿಂದೆ ಬರುತ್ತಿದ್ದವಳು ಬಂದು ಡಿಕ್ಕಿ ಹೊಡೆದಳು.

"ಮಾಸ್ಕ್ ಇತ್ತಲ್ಲೇ..."

ಹುಡುಗಿ ತನ್ನ ಬಲಗೈ ಮುಂದೆ ಚಾಚಿದಳು. ಸೊಟ್ಟ ಮಣಿಕಟ್ಟು. ಊರಲ್ಲಿ ಯಾರು ಗುರುತಿಸದಿದ್ದರೂ ಅದನ್ನು ಮುರಿದವನು ಗುರುತಿಸದಿರುತ್ತಾನೆಯೇ?

"ಯಾಕೆ ಎದ್ದೆಯೇ ಕತ್ತೇ? ಯಾಕೆ ಎದ್ದೆ?"

"ನೀನು ಗುದ್ದಿದೆ. ಎಲ್ಲಾರೂ ಎದ್ರು. ನಾನೊಬ್ಳೇ ಕೂತಿದ್ರೆ ಇವರ ಮುಖ ನೋಡೋಕೆ ಆಗ್ತಿತ್ತಾ?"

ಆ ಕಟ್ಟಳೆ ಕಟ್ಟಿದವಳೇ ಗಂಟಲಕ್ಕ.

ಮಾರನೇ ದಿನ ಹುಡುಗಿ ಬಟ್ಟೆ ಕಟ್ಟಿಕೊಂಡಳು. ಲಾಂಡ್ರಿಯ ಚಾದರ ಮಡಚುವ ಹಾಗೆಯೇ ಅಂಚಿಗೆ ಅಂಚು ಸೇರಿಸಿ ಮಡಚಿದಳು.

"ಎಲ್ಲಿಗೇ?"

"ಕೇಳ್ಬೇಡ ದೊಡ್ಡಮ್ಮಾ. ನಿನಗೆ ಗೊತ್ತಾದ್ರೆ ನಿನ್ನ ಗಂಟಲಿಗೂ ಗೊತ್ತಾಗುತ್ತೆ."

ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಹುಡುಗಿ ಹೊರಟಳು. ತಿರುಗಿ ನೋಡಲಿಲ್ಲ. ತಿರುಗಿ ನೋಡದೆ ಹೋಗುವುದು ಅವಳಿಗೆ ಆಗಲೇ ಅಭ್ಯಾಸವಾಗಿತ್ತು.

ಹುಡುಗಿಯ ಗಂಡ ಬಂದಾಗ ಮೇಷ್ಟ್ರು ಶೆಡ್ಡಿನಲ್ಲೇ ಇದ್ದರು. ಅವನದು ಗರಿಗರಿ ಅಂಗಿ, ಬಾಚಿದ ತಲೆ, ಕೈಯಲ್ಲಿ ಹಣ್ಣಿನ ಚೀಲ. "ಚೆನ್ನಾಗಿದ್ದೀರಾ ದೊಡ್ಡಮ್ಮಾ?" ಎಂದು ಕೇಳಿದ. ಫೋನು ತೆಗೆದು ಸಭೆಯ ಚಿತ್ರ ತೋರಿಸಿದ. ಎತ್ತಿದ ಕೈಗಳ ಕಾಡಿನ ನಡುವೆ ಒಂದನ್ನು ಬೆರಳಲ್ಲಿ ಹಿಗ್ಗಿಸಿದ. "ನನ್ನ ಹೆಂಡ್ತಿ ಕೈ. ನನಗೆ ಗೊತ್ತಾಗಲ್ವಾ? ಎಲ್ಲಿದ್ದಾಳೆ ಅಂತ ಇಲ್ಲಿ ಯಾರಿಗೆ ಗೊತ್ತು?"

ಹೆಂಗಸರೆಲ್ಲ ಗಂಟಲಕ್ಕನ ಮುಷ್ಟಿಯನ್ನು ನೋಡಿದರು. ಅದು ಇಸ್ತ್ರಿ ಮೇಜಿನ ಮೇಲೆ ಇತ್ತು. ಗುದ್ದಲಿಲ್ಲ. ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಚಾದರ ಮಡಚತೊಡಗಿದರು. ಸಂಘ ಹುಟ್ಟಿದ ಮೇಲೆ ಪ್ರಶ್ನೆಗೆ ಯಾರೂ ಏಳದೆ ಕೂತದ್ದು ಅದೇ ಮೊದಲು.

ಅವನು ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟ. "ಪರವಾಗಿಲ್ಲ, ನಿಧಾನಕ್ಕೆ ಆಗ್ಲಿ. ಆ ನಿಯಮ ಹೇಗಿದ್ರೂ ಬರುತ್ತೆ. ಆಮೇಲೆ ನಿಮ್ಮನ್ನ ಕೇಳೋ ತಾಪತ್ರಯಾನೇ ಇರಲ್ಲ."

ಹೋಗುವಾಗ ಮೇಷ್ಟ್ರಿಗೂ ಕೈ ಮುಗಿದು ಹೋದ.

ಗಂಟಲಕ್ಕ ಹಣ್ಣಿನ ಚೀಲ ಎತ್ತಿ ಕಸದ ಡಬ್ಬಕ್ಕೆ ಹಾಕಿದಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಮುಂದಿನ ವಾರ ಇನ್ನೊಂದು ಸಭೆ ಇದೆಯಂತಲ್ಲ. ನಾನೂ ಬರ್ತೀನಮ್ಮಾ."

"ಬಂದು ಏನು ಹೇಳ್ತೀರಿ ಮೇಷ್ಟ್ರೇ?"

"ಈಗ ನಡೆದಿದ್ದನ್ನ ಹೇಳೋಣ."

"ಯಾರಿಗೆ ನಡೆದಿದ್ದು ಅಂತ ಆ ಅಧಿಕಾರಿ ಕೇಳ್ತಾನೆ. ಹೇಳಿದ್ರೆ ಅವಳು ಸಿಕ್ಕಿಬೀಳ್ತಾಳೆ. ಹೇಳ್ದೇ ಇದ್ರೆ, ಒಬ್ಬರನ್ನ ತೋರ್ಸಿ ಅಂತ ಮತ್ತೆ ನಗ್ತಾನೆ."

ಗಂಟಲಕ್ಕ ಆಸ್ಪತ್ರೆಯ ಚಾದರವೊಂದನ್ನು ಎಳೆದುಕೊಂಡಳು. ಅದರ ಇನ್ನೊಂದು ತುದಿ ಹಿಡಿಯುತ್ತಿದ್ದವಳು ಇರಲಿಲ್ಲ. "ಹಿಡ್ಕೊಳ್ಳಿ ಮೇಷ್ಟ್ರೇ" ಎಂದಳು, ಪಕ್ಕದವರಿಗಷ್ಟೇ ಕೇಳಿಸುವಷ್ಟು ಮೆಲ್ಲಗೆ. ಮೇಷ್ಟ್ರು ಎದ್ದು ಬಂದು ಹಿಡಿದುಕೊಂಡರು. ಅವರಿಗೆ ಮಡಚಲು ಬರುತ್ತಿರಲಿಲ್ಲ.