ಹರೀಶನಿಗೆ ಹೋಗದ ಡಬ್ಬಿ

ನನ್ನ ಸ್ವಂತ ತಮ್ಮ ಜ್ವರ ಬಂದು ಮಲಗಿದ್ದಾಗ ನಾನು ಅವನಿಗೆ ಒಂದು ಲೋಟ ಗಂಜಿ ಕೊಡಲಿಲ್ಲ.

ಅವನೇನು ದೂರದ ಊರಿನಲ್ಲಿ ಇರಲಿಲ್ಲ. ನಮ್ಮ ಕಂಪನಿಯಿಂದ ಎರಡು ಗಲ್ಲಿ ಆಚೆ ಅವನ ರೂಮು. ಇಲ್ಲಿಂದ ಬಿಸಿ ಚಹಾ ಹಿಡಿದು ಹೊರಟರೆ ಆರುವುದರೊಳಗೆ ಅಲ್ಲಿ ಮುಟ್ಟಿಸಬಹುದು. ನಾನು ದಿನಾ ಬಂದು, ಕೆಲಸ ಮುಗಿಸಿ, ಹಾಗೇ ಮನೆಗೆ ಹೋದೆ.

ಇವಳೆಂಥ ಅಕ್ಕ ಅಂತ ಬೈದುಕೊಳ್ಳಿ, ಪರವಾಗಿಲ್ಲ. ಆದರೆ ಹೇಗಾಯಿತು ಅಂತ ಕೇಳಿ. ಕೇಳಿದ ಮೇಲೆ ಎಲ್ಲಿ ಎಡವಿದೆ ಅಂತ ನಿಮಗೆ ಹೊಳೆದರೆ ನನಗೂ ಹೇಳಿ. ನನಗಂತೂ ಯೋಚಿಸಿದಷ್ಟೂ ಗೋಜಲು.

ದಿಲ್ಲಿಯ ಜನಕಪುರಿಯಲ್ಲಿ ನಮ್ಮದೊಂದು ಹಿಟ್ಟಿನ ಕಂಪನಿ ಇರುವುದು ಈ ಅಂಕಣದ ಹಳೇ ಓದುಗರಿಗೆ ಗೊತ್ತು. ಇಡ್ಲಿ, ದೋಸೆ ಹಿಟ್ಟು ರುಬ್ಬಿ, ಪ್ಯಾಕೆಟ್ ಮಾಡಿ ಅಂಗಡಿಗಳಿಗೆ, ಆಫೀಸ್ ಕ್ಯಾಂಟೀನುಗಳಿಗೆ ಕಳಿಸುತ್ತೇವೆ. (ಕಂಪನಿ ಅನ್ನುವುದು ಬೋರ್ಡಿನಲ್ಲಿ ಮಾತ್ರ. ಒಳಗೆ ಬಂದರೆ ಗ್ರೈಂಡರುಗಳ ಗದ್ದಲ ಮತ್ತು ಯಾವಾಗಲೂ ಒದ್ದೆಯಾಗಿರುವ ನೆಲ.) ಕೆಲಸದವರಲ್ಲಿ ಬಿಹಾರದವರಿದ್ದಾರೆ, ಬೆಟ್ಟದ ಕಡೆಯ ಪಹಾಡಿಗಳಿದ್ದಾರೆ, ಒಡಿಶಾದವರಿದ್ದಾರೆ. ಎಲ್ಲರೂ ಮನೆಯವರನ್ನು ಊರಲ್ಲಿ ಬಿಟ್ಟು ಇಲ್ಲಿ ಒಂದೊಂದು ರೂಮಿನಲ್ಲಿ ಇರುವವರು.

ಹಿಂದೊಮ್ಮೆ ಪ್ಯಾಕಿಂಗಿನ ಇರ್ಫಾನ್ ಟೈಫಾಯ್ಡ್ ಆಗಿ ಮಲಗಿದ್ದ. ಬರೀ ಬಿಸ್ಕತ್ತು ತಿಂದುಕೊಂಡು ದಿನ ದೂಡಿದ್ದ. ವಾಪಸ್ ಬಂದಾಗ ಅವನ ಬೆಲ್ಟಿಗೆ ಹೊಸ ತೂತು ಹೊಡೆಸಬೇಕಾಯಿತು. ಅವತ್ತೇ ನಾನು ಎಲ್ಲರನ್ನೂ ನಿಲ್ಲಿಸಿ ಹೇಳಿದೆ: ಇನ್ನು ಮೇಲೆ ನಮ್ಮಲ್ಲಿ ಯಾರೂ ಹಸಿದು ಮಲಗಬಾರದು. ಯಾರಿಗೆ ಹುಷಾರಿಲ್ಲದಿದ್ದರೂ ಕಂಪನಿಯ ಅಡುಗೆಯಿಂದ ಮಧ್ಯಾಹ್ನ, ಸಂಜೆ ಡಬ್ಬಿ ಹೋಗಬೇಕು. ಅದಕ್ಕೆಂದೇ ಮೂರು ಅಂತಸ್ತಿನ ಸ್ಟೀಲ್ ಡಬ್ಬಿ ತಂದೆ. ಅಡುಗೆಮನೆಯ ಬಾಗಿಲ ಪಕ್ಕ ಮೊಳೆ ಹೊಡೆಸಿ ನೇತು ಹಾಕಿದೆ. ಯಾರೂ ನೆನಪಿಸಬೇಕಾಗಿರಲಿಲ್ಲ. ಯಾರೋ ತುಂಬುತ್ತಿದ್ದರು, ಯಾರೋ ಒಯ್ಯುತ್ತಿದ್ದರು. ಹೋದವರು ಹಾಗೇ ಮಲಗಿದವರ ಬಟ್ಟೆ ಒಗೆದುಕೊಟ್ಟು ಬಂದದ್ದೂ ಉಂಟು.

ಇದೆಲ್ಲ ಇದೇ ಅಂಕಣದಲ್ಲಿ ನಾನೇ ಬರೆದಿದ್ದೆ. "ನಮ್ಮದು ಕಂಪನಿಯಲ್ಲ, ಕುಟುಂಬ" ಅಂತ ಜಂಬ ಬೇರೆ ಕೊಚ್ಚಿಕೊಂಡಿದ್ದೆ. ಏಳನೇ ಕ್ಲಾಸು ಓದಿದವಳ ಬರಹವನ್ನು ಮೆಚ್ಚಿ ಎಷ್ಟು ಜನ ಫೋನ್ ಮಾಡಿದಿರಿ! ಒಬ್ಬ ಹಿರಿಯರಂತೂ, "ಅಮ್ಮಾ, ನಮ್ಮ ಮಕ್ಕಳ ಆಫೀಸಿನವರಿಗೆ ನೀನು ಬಂದು ಲೆಕ್ಚರ್ ಕೊಡಬೇಕು" ಅಂದಿದ್ದರು. ನಾನೂ ಉಬ್ಬಿದ್ದೆ.

ಈಗ ಹರೀಶನ ವಿಷಯ. ಅವನು ನನ್ನ ಕಿರಿಯ ತಮ್ಮ. ಮುಂಬೈಯಲ್ಲಿ ಹೋಟೆಲಿನಲ್ಲಿದ್ದ. ಆ ಹೋಟೆಲು ಮುಚ್ಚಿದಾಗ ನಾನೇ ಕರೆಸಿಕೊಂಡೆ. ನಮ್ಮ ವ್ಯಾನು ಓಡಿಸುತ್ತಾನೆ. ಬಂದ ಮೊದಲ ದಿನ ಎಲ್ಲರ ಎದುರು ನಾನು ಅವನಿಗೆ ಹೇಳಿದ ಮಾತು ಇದು: "ನೋಡು, ಗೇಟಿನ ಒಳಗೆ ನೀನು ನನ್ನ ತಮ್ಮ ಅಲ್ಲ. ಎಲ್ಲರ ಹಾಗೆ ಸ್ಟಾಫು." ಮಾಲಕಿಯ ತಮ್ಮ ಅಂತ ಮೆರೆಯಬಾರದು, ಉಳಿದವರಿಗೆ ಬೇಜಾರಾಗಬಾರದು, ಅದಕ್ಕೆ. ನ್ಯಾಯವಾದ ಮಾತು ಅಂತಲೇ ಅಂದುಕೊಂಡಿದ್ದೆ. ಅಲ್ವಾ?

ಮಳೆ ನಿಂತ ಮೇಲೆ ದಿಲ್ಲಿಯಲ್ಲಿ ಏನು ಶುರುವಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮನೆಗೊಬ್ಬರಿಗೆ ಜ್ವರ. ಹರೀಶನಿಗೆ ಚಿಕುನ್‌ಗುನ್ಯಾ ಹಿಡಿಯಿತು. ಕೈಮಣಿಕಟ್ಟು, ಮಂಡಿ ಎಲ್ಲ ಊದಿ ಸ್ಟೇರಿಂಗ್ ಹಿಡಿಯಲಾಗದೆ ರೂಮಿನಲ್ಲಿ ಮಲಗಿದ. ನವರಾತ್ರಿಯ ಹೊತ್ತು, ಆರ್ಡರು ಮೈಮೇಲೆ ಬಿದ್ದಿತ್ತು. ವ್ಯಾನಿಗೆ ಬೇರೆ ಡ್ರೈವರನ್ನು ಹುಡುಕಿದೆ. ದಿನಾ ತಮ್ಮನಿಗೆ ಫೋನ್ ಮಾಡಿದೆ.

"ಊಟ ಆಯ್ತಾ?"

"ಆಯ್ತಕ್ಕ."

"ಮಾತ್ರೆ?"

"ಹ್ಞೂಂ."

ಅಷ್ಟೇ. ಊಟ ಎಲ್ಲಿಂದ ಬಂತು ಅಂತ ಯಾಕೆ ಕೇಳಲಿ? ಡಬ್ಬಿ ಹೋಗುತ್ತಿದೆಯಲ್ಲ! ಅವನು ಸ್ಟಾಫು. ಸ್ಟಾಫಿಗೆ ಹುಷಾರಿಲ್ಲದಿದ್ದರೆ ಡಬ್ಬಿ ಹೋಗುತ್ತದೆ. ನಾನೇ ಮಾಡಿದ ಪದ್ಧತಿ.

ಕಳೆದ ವಾರ ನಮ್ಮಲ್ಲೇ ಕೆಲಸ ಮಾಡುವ ಪಿಂಕಿ ಎಂಬ ಹುಡುಗಿಗೆ ಜ್ವರ ಬಂತು. ಅಡುಗೆಯ ಉಸ್ತುವಾರಿ ಕಮಲಾ ಆಂಟಿ, ಗಢ್ವಾಲಿನ ಹಿರಿಯ ಹೆಂಗಸು, ಮೊಳೆಯಿಂದ ಡಬ್ಬಿ ತೆಗೆದು ಸೆರಗಿನಿಂದ ಮುಚ್ಚಳ ಒರೆಸಿದರು. ಸೆರಗಿಗೆ ಧೂಳು ಮೆತ್ತಿಕೊಂಡಿತು.

ನಾನು ಅಲ್ಲೇ ನಿಂತಿದ್ದೆ. "ಆಂಟಿ, ಇದಕ್ಯಾಕೆ ಇಷ್ಟು ಧೂಳು? ಹರೀಶನಿಗೆ ಯಾವುದರಲ್ಲಿ ಕಳಿಸ್ತಿದ್ದೀರಿ?"

ಆಂಟಿ ನನ್ನ ಮುಖ ನೋಡಿದರು. "ನಾವೆಲ್ಲಿ ಕಳಿಸ್ತೀವಿ ದೀದಿ? ನೀವು ಮನೆಯಿಂದ ತರ್ತಿದ್ದೀರಲ್ಲ?"

"ನಾನಾ?"

"ಮತ್ತೆ? ನಿಮ್ಮ ಸಗಾ ಭಾಯಿ." ಒಡಹುಟ್ಟಿದವನು ಅಂತ. "ಅಕ್ಕ ಇರುವಾಗ ನಾವು ದಾಲ್ ಚಾವಲ್ ಹಿಡ್ಕೊಂಡು ಹೋದ್ರೆ ನೀವೇನಂದ್ಕೋತೀರಿ? ದೀದಿ ನೋಡಲ್ಲ ಅಂತ ನಾವೇ ಡಂಗುರ ಸಾರಿದ ಹಾಗಲ್ವಾ?"

ಇರ್ಫಾನನನ್ನು ಕೇಳಿದೆ. ಅವನೂ ಅದೇ ಹೇಳಿದ. "ನಮ್ಮ ವಾಟ್ಸಾಪ್ ಗ್ರೂಪಲ್ಲಿ ಯಾರಾದ್ರೂ ಹುಷಾರಿಲ್ಲದೆ ಬಿದ್ರೆ ಮೆಸೇಜ್ ಬರುತ್ತೆ ದೀದಿ. ಹರೀಶ್ ಭಯ್ಯಾ ಗ್ರೂಪಲ್ಲಿ ಇಲ್ಲ."

"ಯಾಕಿಲ್ಲ?"

ಇರ್ಫಾನ್ ಕತ್ತು ಕೆರೆದುಕೊಂಡ. "ಅಲ್ಲಿ... ಒಮ್ಮೊಮ್ಮೆ ನಿಮ್ಮ ಬಗ್ಗೆನೂ ಮಾತಾಡ್ತೀವಲ್ಲ."

(ಬೈಯುತ್ತಾರೆ ಅಂತ ಅರ್ಥ. ಬೈಯಲಿ. ಮಾಲಕರನ್ನು ಬೈಯದ ಕುಟುಂಬ ಯಾವುದಿದೆ?)

ಅರ್ಥವಾಯಿತಾ ಏನಾಯಿತು ಅಂತ? ಅವನು ಸ್ಟಾಫು, ಸ್ಟಾಫಿನವರು ನೋಡಿಕೊಳ್ಳುತ್ತಾರೆ ಅಂತ ನಾನು. ಅವನು ಮಾಲಕಿಯ ತಮ್ಮ, ಮಾಲಕಿ ನೋಡಿಕೊಳ್ಳುತ್ತಾಳೆ ಅಂತ ಅವರು. ಎರಡು ಕುಟುಂಬ ಇದ್ದವನಿಗೆ ಒಂದು ಕಡೆಯಿಂದಲೂ ಅನ್ನ ಹೋಗಲಿಲ್ಲ.

ಕುಕ್ಕರಿನಲ್ಲಿ ಗಂಜಿ ಕೂಗಿಸಿ, ಮಿಡಿ ಉಪ್ಪಿನಕಾಯಿ ಹಾಕಿಕೊಂಡು ಓಡಿದೆ. ಮೂರನೇ ಮಹಡಿ. ಬಾಗಿಲು ತೆರೆದೇ ಇತ್ತು. ಹರೀಶ ಗೋಡೆಗೆ ಒರಗಿ ಕೂತಿದ್ದ. ಬ್ರೆಡ್ಡಿನ ಖಾಲಿ ಕವರು ಒಂದರೊಳಗೊಂದು ತುರುಕಿಟ್ಟಿದ್ದ. ಸಣ್ಣ ಸಿಲಿಂಡರಿನ ಒಲೆ ಮೂಲೆಯಲ್ಲಿತ್ತು.

"ಬೇಯಿಸಿಕೊಳ್ಳಲಿಲ್ವಾ?"

"ಆ ನಾಬ್ ತಿರುಗಿಸೋಕೆ ಬೆರಳು ಬಗ್ಗಬೇಕಲ್ಲಕ್ಕ." ನಕ್ಕ. "ಕೆಳಗಿನ ಚಾಯ್‌ವಾಲಾ ಬೆಳಿಗ್ಗೆ ಸಂಜೆ ಚಹಾ, ಬ್ರೆಡ್ಡು ತಂದುಕೊಡ್ತಿದ್ದ. ಒಳ್ಳೆ ಮನುಷ್ಯ. ಭಯ್ಯಾ, ಇಲ್ಲಿ ನಿಮ್ಮವರು ಅಂತ ಯಾರೂ ಇಲ್ವಾ ಅಂತ ಕೇಳಿದ."

"ನೀನೇನಂದೆ?"

"ಇದ್ದಾರೆ, ಸ್ವಲ್ಪ ಬಿಝಿ ಇದ್ದಾರೆ ಅಂದೆ."

ಆಗ ನಾನೇನು ಹೇಳಬೇಕಿತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನನ್ನ ಬಾಯಿಂದ ಬಂದದ್ದು ಮಾತ್ರ ಬೇರೆ. "ನಿನಗೆ ಬಾಯಿಲ್ವಾ ಮಾರಾಯ? ಊಟ ಆಯ್ತಾ ಅಂದ್ರೆ ಆಯ್ತು ಆಯ್ತು ಅಂತಿದ್ದಿ. ಒಂದು ಮಾತು ಹೇಳಿದ್ರೆ ಓಡಿ ಬರ್ತಿರಲಿಲ್ವಾ?"

"ಯಾರಿಗೆ ಹೇಳಲಿ ಅಂತ ಗೊತ್ತಾಗಲಿಲ್ಲಕ್ಕ. ಅಕ್ಕನಿಗೆ ಹೇಳೋದಾ, ಮಾಲಕಿಗೆ ಹೇಳೋದಾ?"

ಆಮೇಲೆ ನಿಧಾನಕ್ಕೆ ಅಂದ: "ಮಾನೇಸರ್‌ನಲ್ಲಿ ಒಂದು ಫ್ಯಾಕ್ಟರಿ ಕ್ಯಾಂಟೀನಿಗೆ ಡ್ರೈವರ್ ಬೇಕಂತೆ. ಕೈ ಸರಿಯಾದ ಕೂಡಲೇ ಹೋಗ್ತೇನೆ."

"ಅಲ್ಲಿ ನಿನಗೆ ಯಾರಿದ್ದಾರೆ?"

"ಯಾರೂ ಇಲ್ಲ. ಬರೀ ಸ್ಟಾಫು. ನಾನೇನು ಅಂತ ನನಗೆ ಗೊತ್ತಿರುತ್ತೆ, ಅಷ್ಟು ಸಾಕು."

ನನಗೆ ಕೋಪ ಬಂತು. ಯಾರ ಮೇಲೆ ಅಂತ ಕೇಳಬೇಡಿ. ಗಂಜಿ ಅಲ್ಲೇ ಇಟ್ಟು, "ಹೋಗೋದಾದ್ರೆ ಹೋಗು" ಅಂದು ಮೆಟ್ಟಿಲಿಳಿದೆ.

ನಮ್ಮ ಮನೆ ಇರುವುದು ಗ್ರೇಟರ್ ನೋಯ್ಡಾದಲ್ಲಿ. ಜನಕಪುರಿಯಿಂದ ಅಲ್ಲಿಗೆ ಕಾರಿನಲ್ಲಿ ಹೋಗುವಷ್ಟರಲ್ಲಿ ಯಾರ ಜೊತೆ ಬೇಕಾದರೂ ಪೂರ್ತಿ ಒಂದು ಜಗಳ ಆಡಿ ಮುಗಿಸಬಹುದು. ನಾನು ನಮ್ಮ ಯಜಮಾನರ ಜೊತೆ ಆಡಿದೆ. ಅವರು ಡ್ರೈವ್ ಮಾಡುತ್ತಾ, "ದೊಡ್ಡ ಗಂಡಸು, ಹಸಿವಾದ್ರೆ ಹೇಳ್ಬೇಕಪ್ಪ" ಅಂದರು. ನಾನು ಹರೀಶನಿಗೆ ಹೇಳಿದ ಮಾತನ್ನೇ ಅವರ ಬಾಯಲ್ಲಿ ಕೇಳಿದಾಗ ಯಾಕೋ ಮೈ ಉರಿಯಿತು.

"ನೀವು ಜ್ವರ ಬಂದು ಮಲಗಿದಾಗ ಗಂಜಿ ಕೇಳಿದ್ದಿರಾ?" ಅಂದೆ.

"ಕೇಳೋದ್ಯಾಕೆ? ನೀನಿದ್ದಿಯಲ್ಲ."

ಹಿಂದಿನ ಸೀಟಿನಿಂದ ಮಗಳು, "ಮಮ್ಮೀ, ಮಾಮಾನ ನಮ್ಮ ಘರ್‌ಗೆ ಯಾಕೆ ತರಲಿಲ್ಲ?" ಅಂದಳು. ತನ್ನ ಅರ್ಧಂಬರ್ಧ ಕನ್ನಡದಲ್ಲಿ ಅವಳು ಅಷ್ಟು ನೇರವಾಗಿ ಕೇಳಬಾರದಿತ್ತು. ಕಳೆದ ಚೌತಿಗೆ ಹರೀಶ ನಮ್ಮ ಮನೆಗೆ ಬಂದಿದ್ದ. ಬಂದವರಿಗೆಲ್ಲ ಅಡುಗೆಮನೆಯಲ್ಲಿ ನಿಂತು ಅಂಬೊಡೆ ಕರಿದ. ಊಟಕ್ಕೆ ಕೂತದ್ದು ಎಲ್ಲರದ್ದೂ ಆದ ಮೇಲೆ. ನೆಂಟರೊಬ್ಬರು ಯಾರಿದು ಅಂತ ಕೇಳಿದಾಗ, "ನಮ್ಮ ಕಂಪನಿಯಲ್ಲೇ ಇರೋದು" ಅಂದಿದ್ದೆ. ತಮ್ಮ ಅನ್ನಲಿಲ್ಲ. ಕಂಪನಿಯಲ್ಲಿ ಅನ್ನಬಾರದು ಅಂತ ನಾನೇ ಹಾಕಿದ ರೂಲು ಮನೆಗೂ ಬಂದುಬಿಟ್ಟಿತ್ತಾ? ನನಗೇ ಗೊತ್ತಾಗಿರಲಿಲ್ಲ.

ಈಗ ಹೇಳಿ. ಕೆಲಸದವರನ್ನು ಮನೆಯವರ ಹಾಗೆ ನೋಡಿಕೊಂಡದ್ದು ತಪ್ಪಾ? ಅದಂತೂ ಅಲ್ಲ. ತಮ್ಮನನ್ನು ಕೆಲಸದವರ ಹಾಗೆ ನೋಡಿದ್ದು ತಪ್ಪಾ? ಕೆಲಸದವರ ಹಾಗೆ ನೋಡಿದ್ದರೆ ಡಬ್ಬಿಯಾದರೂ ಹೋಗುತ್ತಿತ್ತು! ಎಲ್ಲರೂ ಒಂದೇ ಕುಟುಂಬ ಅಂದೆನಲ್ಲ, ಅಷ್ಟು ದೊಡ್ಡ ಕುಟುಂಬದಲ್ಲಿ ಯಾರು ಯಾರಿಗೆ ಗಂಜಿ ಕೊಡಬೇಕು ಅಂತ ಕೇಳಿಕೊಂಡೆನಾ? ಪದ್ಧತಿ ಮಾಡಿಟ್ಟರೆ ಆಯಿತು, ನಾನು ಹೋಗಿ ನೋಡಬೇಕಾಗಿಲ್ಲ ಅಂತ ಯಾವಾಗ ಅಂದುಕೊಂಡೆ? ತಲೆ ತಿರುಗುತ್ತದೆ.

ಒಂದಂತೂ ಸತ್ಯ. ಕಂಪನಿಯಲ್ಲಿ ನಾನು ಬೇಕಾದಷ್ಟು ಸಲ 'ಸಾರಿ' ಅನ್ನುತ್ತೇನೆ. ಕಮಲಾ ಆಂಟಿಗೆ ಸಾರಿ, ಇರ್ಫಾನನಿಗೆ ಸಾರಿ, ಅಂಗಡಿಯವರಿಗಂತೂ ಫೋನ್ ಎತ್ತಿದರೆ ಸಾರಿ. ನಾಲಿಗೆಗೆ ಏನೂ ಭಾರ ಆಗುವುದಿಲ್ಲ. ಆದರೆ ನಮ್ಮ ಕುಂದಾಪುರ ಕಡೆಯ ಮನೆಯೊಳಗೆ ಆ ಮಾತೇ ಇಲ್ಲ. ಅಪ್ಪ ಅದನ್ನು ಅಮ್ಮನಿಗೆ ಹೇಳಿದ್ದು ಕೇಳಿಲ್ಲ, ಅಮ್ಮ ನಮಗೆ ಹೇಳಿದ್ದು ಕೇಳಿಲ್ಲ. ತಪ್ಪು ಮಾಡಿದವರು ಮಾತಿಲ್ಲದೆ ಇನ್ನೊಂದು ತುಂಡು ಮೀನು ತಟ್ಟೆಗೆ ಹಾಕುತ್ತಾರೆ. ತಿಂದರೆ ರಾಜಿ. ನಾನೂ ಗಂಜಿ ಇಟ್ಟು ಬಂದೆನಲ್ಲ, ಹಾಗೆ. ಅದು ಸಾಲಲಿಲ್ಲ.

ಮೊನ್ನೆ ಸೋಮವಾರ ಹರೀಶ ತನ್ನ ಹತ್ತಿರವೇ ಉಳಿದಿದ್ದ ವ್ಯಾನಿನ ಇನ್ನೊಂದು ಬೀಗದ ಕೈ ಕೊಡಲು ಬಂದ. ಕೀಲಿಗೊಂಚಲು ಟೇಬಲ್ ಮೇಲಿಟ್ಟ. ಬೆರಳು ಇನ್ನೂ ದಪ್ಪಗೆ ಇದ್ದವು. ಕಮಲಾ ಆಂಟಿ ಸೀದಾ ಬಂದು ಅವನ ತಲೆ ಮೇಲೆ ಕೈಯಿಟ್ಟು, "ಮಾಫ್ ಕರ್ ದೇ ಬೇಟಾ, ನಾವು ತಪ್ಪು ತಿಳಿದೆವು" ಅಂದರು. ಇರ್ಫಾನ್ ಅವನನ್ನು ತಬ್ಬಿಕೊಂಡ. "ಈಗಲೇ ಗ್ರೂಪಿಗೆ ಹಾಕ್ತೀನಿ ಭಯ್ಯಾ. ದೀದಿಯನ್ನು ಬೈದ್ರೆ ಬೇಜಾರು ಮಾಡ್ಕೋಬೇಡ."

"ಬೇಜಾರಾ? ನಾನೇ ಶುರು ಮಾಡ್ತೇನೆ" ಅಂದ ಹರೀಶ. ಎಲ್ಲರೂ ನಕ್ಕರು.

ನೋಡಿ, ಎಷ್ಟು ಸಲೀಸು! ಹೊರಗಿನವರು ಎರಡು ನಿಮಿಷದಲ್ಲಿ ಮುಗಿಸಿಬಿಟ್ಟರು. ಅವನನ್ನು ಹುಟ್ಟಿದಾಗಿನಿಂದ ನೋಡಿದ ನಾನು ಹಿಟ್ಟಿನ ಪ್ಯಾಕೆಟ್ಟು ಕೈಯಲ್ಲಿ ಹಿಡಿದು ಬೆಪ್ಪಾಗಿ ನಿಂತಿದ್ದೆ.

ಅವನು ಬಾಗಿಲ ಕಡೆ ತಿರುಗಿದ. "ಬರ್ತೇನೆ ಅಕ್ಕ."

"ನಿಲ್ಲು ಮಾರಾಯ" ಅಂದೆ. ಗ್ರೈಂಡರಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದೆ. ಕಮಲಾ ಆಂಟಿ ನನ್ನ ಮುಖ ನೋಡಿ ಹೋಗಿ ಸ್ವಿಚ್ಚು ಆರಿಸಿದರು. ಇದ್ದಕ್ಕಿದ್ದಂತೆ ಎಲ್ಲ ನಿಶ್ಶಬ್ದ. ಕನ್ನಡ ಬಾರದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅವನು ಮಾನೇಸರ್‌ಗೆ ಹೋಗುತ್ತಾನೋ ಇರುತ್ತಾನೋ ನನಗೆ ಇವತ್ತಿಗೂ ಗೊತ್ತಿಲ್ಲ, ಅವನಿನ್ನೂ ಹೇಳಿಲ್ಲ. ಅವತ್ತು ಅದನ್ನು ಕೇಳಲೂ ಇಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಹರೀಶ, ನೀನು ಹಸಿದು ಮಲಗಿದ್ದಿ, ನಿನ್ನ ಅಕ್ಕ ಬಂದು ನೋಡಲಿಲ್ಲ. ತಪ್ಪಾಯ್ತು."