ಪಿಲ್‌ಸುನ್ ಮೌಸಿಗೆ ತೊಡಿಸಿದ ಅಂಗಿ

ಕೊರಿಯಾದ ಜೊಂಜು ಊರಿನ ಹಳೆಯ ಪೇಟೆಯಲ್ಲಿ ಮೂವತ್ತೊಂದು ವರ್ಷ ಬಟ್ಟೆ ರಿಪೇರಿ ಅಂಗಡಿ ನಡೆಸಿದ ಕ್ವಾಕ್ ಪಿಲ್‌ಸುನ್‌ಗೆ ಹೊಸ ವಸ್ತುವೆಂದರೆ ಹಸುಗೂಸಿನಷ್ಟೇ ಜೋಪಾನ. ಅವಳ ಮನೆಯಲ್ಲಿ ಟೀವಿ ರಿಮೋಟಿಗೆ ತೆಳು ಪ್ಲಾಸ್ಟಿಕ್ ಹೊದಿಕೆ, ಏಸಿ ರಿಮೋಟಿಗೂ ಹೊದಿಕೆ, ಅನ್ನದ ಕುಕ್ಕರಿನ ಗುಂಡಿಗಳ ಮೇಲೂ ಹೊದಿಕೆ. ಎಣ್ಣೆ ಕೈ, ಮೆಣಸಿನ ಕೈ ಯಾವುದು ತಾಗಿದರೂ ಒರೆಸಿದರೆ ಮುಗಿಯಿತು. ಆ ಓಣಿಯ ಮನೆಮನೆಯಲ್ಲೂ ಇದೇ ಪದ್ಧತಿ. ಪಿಲ್‌ಸುನ್ ಮಾತ್ರ ಹೊಲಿಗೆಯವಳ ಅಚ್ಚುಕಟ್ಟಿನಲ್ಲಿ ಮೂರು ಸುತ್ತು ಸುತ್ತುತ್ತಿದ್ದಳು.

ಅರವತ್ತೇಳರ ಈ ಹೆಂಗಸು ತನಗೇ ಅಂತ ಇಟ್ಟುಕೊಂಡದ್ದು ಒಂದೇ: ಊರಿನ ಈಜುಕೊಳದಲ್ಲಿ ಬೆಳಗಿನ ಏಳು ಗಂಟೆಯ ತರಗತಿ. ಮಂಡಿನೋವಿಗೆಂದು ಸೇರಿದವಳು, ನಾಲ್ಕು ವರ್ಷದಲ್ಲಿ ಮಂಡಿಯನ್ನು ಮರೆತು ಗೆಳತಿಯರನ್ನು ಹಚ್ಚಿಕೊಂಡಿದ್ದಳು. ಅಷ್ಟರಲ್ಲಿ ಮಗಳು ಹೇರಿಮ್ ಬಾಣಂತನಕ್ಕೆ ಬಂದಳು. ಎರಡು ತಿಂಗಳು ಬಾಣಂತಿಗೆಂದು ಕಡಲಪಾಚಿಯ ಸಾರು ಕುದಿಸುತ್ತ, ಕೂಸನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸುತ್ತ, ಹಳಬರು ಹೆಸರು ಮುಂದುವರಿಸಬೇಕಾದ ದಿನವನ್ನೇ ಮರೆತುಬಿಟ್ಟಳು. ಜಾಗ ಹೋಯಿತು. ಇನ್ನು ಹೊಸಬರ ಜೊತೆಗೇ ನುಗ್ಗಬೇಕು: ಇಪ್ಪತ್ತೈದನೇ ತಾರೀಖು, ಬೆಳಗ್ಗೆ ಸರಿಯಾಗಿ ಒಂಬತ್ತಕ್ಕೆ, ಕಂಪ್ಯೂಟರಿನಲ್ಲಿ ಮೊದಲು ಒತ್ತಿದವರಿಗೆ ಮೊದಲು. ಹಿಂದೆಯಾದರೆ ನಸುಕಿಗೇ ಹೋಗಿ ಸಾಲಿನಲ್ಲಿ ಕೂತರೆ ಸಿಗುತ್ತಿತ್ತು. ಸಾಲಿನಲ್ಲಿ ಕೂರುವುದರಲ್ಲಿ ಪಿಲ್‌ಸುನ್‌ಳನ್ನು ಮೀರಿಸುವವರಿರಲಿಲ್ಲ.

"ನಾನೇ ಒತ್ತಿಕೊಡ್ತೀನಿ ಬಿಡಮ್ಮ," ಅಂದಳು ಹೇರಿಮ್.

"ಒಂಬತ್ತು ಅಂದ್ರೆ ನಿನ್ನ ಮಗಳ ಹಾಲಿನ ಹೊತ್ತು. ಅವಳಿಗೆ ಕಾಯೋಕೆ ಹೇಳ್ತೀಯಾ? ಸುಮ್ನೆ ನನಗೆ ಕಲಿಸು."

ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ಬೆರಳಿಗೆ ಲ್ಯಾಪ್‌ಟಾಪಿನ ನುಣುಪು ಪಟ್ಟಿ ಬಗ್ಗಲಿಲ್ಲ. ಮಗಳು ಬೂದುಬಣ್ಣದ ಪುಟ್ಟ ಮೌಸ್ ತರಿಸಿದಳು.

"ತಂತಿ ಎಲ್ಲೇ ಇದಕ್ಕೆ?"

"ತಂತಿ ಇಲ್ಲ. ಈ ಉಗುರಿನಷ್ಟು ತುಂಡು ಕಂಪ್ಯೂಟರಿಗೆ ಚುಚ್ಚಿದ್ರೆ ಸಾಕು."

"ದಾರ ಇಲ್ಲದ ಸೂಜೀಲಿ ಹೊಲೀತೀನಿ ಅಂತೀಯಲ್ಲ!"

ಮೊದಲ ದಿನ ಮೌಸ್ ಸರಿಸುತ್ತ ಸರಿಸುತ್ತ ಮಡಿಸುವ ಮೇಜಿನ ಅಂಚಿಗೇ ಬಂದುಬಿಟ್ಟಳು. "ಮೇಜೇ ಮುಗಿದುಹೋಯ್ತಲ್ಲೇ, ಪರದೆ ಮೇಲಿನ ಬಾಣ ಇನ್ನೂ ಅರ್ಧ ದಾರೀಲಿದೆ!"

"ಎತ್ತಿ ಹಿಂದಕ್ಕೆ ಇಡಮ್ಮ. ಬಾಣ ಅಲ್ಲೇ ಇರತ್ತೆ."

ಹೊಲಿಗೆ ಯಂತ್ರದ ಪಾದ ಎತ್ತಿ ಬಟ್ಟೆ ಸರಿಸಿಕೊಂಡ ಹಾಗೆ! ಅಷ್ಟು ತಿಳಿದ ಮೇಲೆ ತಡವೇ? ಮೂರು ದಿನದಲ್ಲಿ ಬಾಣವನ್ನು ಬೇಕಾದ ಗುಂಡಿಯ ಮೇಲೆ ಗುರಿಯಿಟ್ಟು ನಿಲ್ಲಿಸುವಷ್ಟು ಕೈ ಪಳಗಿತು.

ಇಪ್ಪತ್ತೈದರ ಬೆಳಗ್ಗೆ ಪಾಲಕ್‌ಗೆ ಎಳ್ಳೆಣ್ಣೆ ಕಲಸಿ ಕೈ ತೊಳೆದಳು. ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಮೇಜಿನ ಮುಂದೆ ಕೂತಳು. ಮೌಸ್ ಸರಿಸಿದಳು. ಬಾಣ ಮೇಲಕ್ಕೆ ಹಾರಿತು, ಮೂಲೆಗೆ ಓಡಿತು, ಅಲ್ಲೇ ಗಡಗಡ ನಡುಗಿತು.

"ಏನಾಯ್ತೋ ನಿನಗೆ? ಬೆಳಗ್ಗೆ ಬೆಳಗ್ಗೆನೇ ಕುಡಿದಿದೀಯಾ?"

ಎಂಟು ಐವತ್ತಾರು. ಒಳಕೋಣೆಯಲ್ಲಿ ಕೂಸು ಈಗಷ್ಟೇ ಮೊಲೆ ಹಿಡಿದಿತ್ತು, ಕುಡಿಯುವ ಚಪಚಪ ಸದ್ದು ಇಲ್ಲಿಗೂ ಕೇಳುತ್ತಿತ್ತು. ಹೇರಿಮ್‌ಳನ್ನು ಕರೆದರೆ ಕೂಸು ಮೊಲೆ ಬಿಡುತ್ತದೆ, ಆಮೇಲೆ ಅರ್ಧ ಗಂಟೆ ರಂಪ. ಪಿಲ್‌ಸುನ್ ತುಟಿ ಕಚ್ಚಿಕೊಂಡು ಮೌಸನ್ನು ಅಂಗಾತ ಮಾಡಿದಳು. ಹೊಟ್ಟೆಯ ಕೆಂಪು ದೀಪ ಮಸುಕಾಗಿತ್ತು, ಥೇಟ್ ಮಂಜು ಹಿಡಿದ ಈಜುಕನ್ನಡಕದೊಳಗಿಂದ ನೋಡಿದಂತೆ.

ನಿನ್ನೆ ಸಂಜೆ, ನಾಳೆ ದೊಡ್ಡ ದಿನ, ಎಣ್ಣೆ ತಾಗಬಾರದು ಎಂದು ಅದಕ್ಕೂ ಮೂರು ಸುತ್ತು ಪ್ಲಾಸ್ಟಿಕ್ ಹಾಳೆ ಸುತ್ತಿದ್ದವಳು ತಾನೇ. "ಅಯ್ಯೋ, ಇದಕ್ಕೆ ಕಣ್ಣು ಹೊಟ್ಟೇಲಿದೆಯಾ!"

ಬಿಚ್ಚಲು ಹೊತ್ತಿಲ್ಲ, ತುದಿ ಎಲ್ಲಿದೆಯೋ ಕಾಣದಂತೆ ಅಂಟಿಸಿದ್ದಳು. ದಾರ ಕತ್ತರಿಸುವ ಪುಟ್ಟ ಕತ್ತರಿ ತಂದು, ಅಂಗಿಗೆ ಕಾಜ ಮಾಡುವಷ್ಟೇ ನಯವಾಗಿ ದೀಪದ ಸುತ್ತ ಹಾಳೆಯನ್ನು ಕೊರೆದು ತೆಗೆದಳು. ಬಾಣಕ್ಕೆ ಬುದ್ಧಿ ಬಂತು.

ಒಂಬತ್ತು. ಒತ್ತಿದಳು. "ನಿಮ್ಮ ಮುಂದೆ 183 ಮಂದಿ" ಎಂದಿತು ಪರದೆ. ಈ ಹೊತ್ತಿನಲ್ಲಿ ಮತ್ತೆ ಒತ್ತಿದರೆ ಸಾಲಿನ ಕೊನೆಗೆ ಎಂದು ಮಗಳು ಮೊದಲೇ ಎಚ್ಚರಿಸಿದ್ದಳು. ಪಿಲ್‌ಸುನ್ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಳು. ತೊಂಬತ್ತು. ನಲವತ್ತು. ಮೂರು. ಪುಟ ತೆರೆಯಿತು.

ಏಳು ಗಂಟೆ: ಭರ್ತಿ.

ಆರು ಗಂಟೆ: ಆರು ಜಾಗ.

ಯೋಚಿಸುತ್ತ ಕೂತರೆ ಇದೂ ಹೋದೀತು. ಯಾರನ್ನೂ ಕೇಳದೆ ಆರನ್ನು ಒತ್ತಿದಳು. ಪಟ್ಟಿಯಲ್ಲಿ ಹೆಸರು ಬಂತು.

ಕೂಸನ್ನು ಹೆಗಲಿಗೆ ಹಾಕಿ ತಟ್ಟುತ್ತ ಹೇರಿಮ್ ಹೊರಬಂದಳು. ಮೌಸ್ ನೋಡಿ ಗೋಡೆ ಹಿಡಿದು ನಕ್ಕಳು. "ಅಮ್ಮಾ, ಇದಕ್ಕೂ ಅಂಗಿ ತೊಡಿಸಿದೀಯಾ?"

"ಮೆಲ್ಲಗೆ ನಗೇ, ಹೆರಿಗೇಲಿ ಹಾಕಿದ ಹೊಟ್ಟೆ ಹೊಲಿಗೆ ಬಿಚ್ಚೀತು. ಅದನ್ನ ರಿಪೇರಿ ಮಾಡೋಕೆ ನನಗೆ ಬರಲ್ಲ."

ಆಗಲೇ ಫೋನ್ ಬಡಿದುಕೊಂಡಿತು. ಏಳರ ತರಗತಿಯ ಗೆಳತಿ ಗುಮ್‌ಜಾ.

"ಅಕ್ಕಾ, ಸಿಕ್ತಾ?"

"ಆರರದ್ದು ಸಿಕ್ತು."

"ಆರಾ! ಆ ಹೊತ್ತಿಗೆ ಕೋಳೀನೂ ಆಕಳಿಸ್ತಿರತ್ತೆ."

"ನೀವು ಒಳಗೆ ಬರುವಾಗ ನಾನು ಹೊರಗೆ. ಷವರಿನ ಹತ್ರ ಒಂದು ನಿಮಿಷ ಮುಖ ನೋಡಬಹುದು, ಅಷ್ಟೇ." ಪಿಲ್‌ಸುನ್ ನಗಲು ನೋಡಿದಳು, ಆಗಲಿಲ್ಲ.

ಗುಮ್‌ಜಾ ಲೊಚಗುಟ್ಟಿದಳು. "ಒಂದು ನಿಮಿಷಕ್ಕೆ ನನ್ನ ಸೊಸೆ ಕತೆ ಶುರುವೂ ಆಗಲ್ಲ. ಆರಕ್ಕೆ ಇನ್ನೂ ಜಾಗ ಇದೆಯಾ?"

"ನಾಲ್ಕು ಅಂತ ತೋರಿಸ್ತಿದೆ."

"ಹಾಗಾದ್ರೆ ನನ್ನ ಹೆಸರಲ್ಲೂ ಒತ್ತು."

"ಹುಚ್ಚಿ, ಏಳರ ಜಾಗ ಬಿಡ್ತೀಯಾ? ನೀನು ಬಿಟ್ರೂ ನನಗೆ ಬರಲ್ಲ, ಕಾಯೋರ ಪಟ್ಟೀಲಿ ನಲವತ್ತು ಜನ ಇದಾರೆ."

"ಅವರಲ್ಲಿ ಯಾರಾದ್ರೂ ಈಜ್ಲಿ, ಪುಣ್ಯ ಬರತ್ತೆ."

"ನಿಮ್ಮ ಯಜಮಾನ್ರ ತಿಂಡಿ?"

"ಅವರ ಕೈಗೇನು ಬಂದಿದೆ? ಸಾರು ಬಿಸಿ ಮಾಡ್ಕೊಳ್ಳಲಿ. ಬೇಗ, ನನ್ನ ಸದಸ್ಯತ್ವದ ನಂಬರ್ ಬರ್ಕೋ."

"ಒಂದೊಂದೇ ಅಂಕಿ ಹೇಳು, ಓಡಬೇಡ," ಎಂದು ಪಿಲ್‌ಸುನ್ ಫೋನನ್ನು ಕೆನ್ನೆ ಭುಜಗಳ ನಡುವೆ ಸಿಕ್ಕಿಸಿ, ಬಲಗೈ ಮೌಸಿನ ಮೇಲಿಟ್ಟಳು.