ಒಂದು ಕೆಮ್ಮು ಕಡಿಮೆಯಿತ್ತು

ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಇಷ್ಟು ನಿಖರವಾಗಿ ಹೇಳಬಲ್ಲೆ, ಯಾಕೆಂದರೆ ಆಗ ನಾನು ನೋಡುತ್ತಿದ್ದುದು ಪರದೆಯನ್ನೇ, ಅದರ ಮೂಲೆಯಲ್ಲಿ ಗಡಿಯಾರವಿತ್ತು. ಮೂಗಿಗೆ ಏನೋ ಬಡಿಯಿತು.

ಬ್ಯಾಡಗಿಯ ಮೆಣಸಿನಕಾಯಿ ಶೆಡ್ಡಿನಲ್ಲಿ ಅದೇನೂ ಸುದ್ದಿಯಲ್ಲ. ತೊಟ್ಟು ಬಿಡಿಸುವ ಹೆಂಗಸರು ದಿನವಿಡೀ ಕೆಮ್ಮುತ್ತಲೇ ಮಾತಾಡುತ್ತಾರೆ, ಕೆಮ್ಮುತ್ತಲೇ ನಗುತ್ತಾರೆ. ಹೊಸಬರಿಗೆ ನಾವು ಮೊದಲು ಕಲಿಸುವುದೇ ಘಾಟಿಗೆ ಅಂಜಬಾರದು ಎಂಬುದನ್ನು. ಆದರೆ ಆ ದಿನದ ಘಾಟಿನ ಅಡಿಯಲ್ಲಿ ಸುಟ್ಟ ಗೋಣಿಚೀಲದ ವಾಸನೆಯಿತ್ತು.

ಹಾವೇರಿಯಲ್ಲಿ ಡಿಗ್ರಿ ಮುಗಿಸಿದ ಮೇಲೆ ನಾನು ಈ ಶೆಡ್ಡಿಗೆ ಸೇರಿದೆ. ಕಾಯಿ ಮುರಿದು, ಮೂಸಿ, ಸಿಪ್ಪೆಯನ್ನು ಬೆರಳಲ್ಲಿ ಸವರಿ ದರ್ಜೆ ಹೇಳುವುದು ನನ್ನ ಕೆಲಸ. ಕಳೆದ ವರ್ಷ ಕ್ಯಾಮೆರಾ ಇರುವ ಯಂತ್ರ ಬಂತು. ಚಲಿಸುವ ಪಟ್ಟಿಯ ಮೇಲೆ ಕಾಯಿ ಹರಿಯುತ್ತದೆ, ಕೃತಕ ಬುದ್ಧಿಮತ್ತೆ ಬಣ್ಣ ನೋಡಿ ದರ್ಜೆ ಹೇಳುತ್ತದೆ. ಮಾಲೀಕರು, "ನೀವ್ ಸುಮ್ನ ಕುಂತು ನೋಡ್ರಿ, ಸಾಕು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ನಾನು ಕೂತೆ. ಪ್ರತಿ ರವಿವಾರ ರಾಣೆಬೆನ್ನೂರಿನ ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ, ದೇವರು ನನ್ನನ್ನು ಯಾವುದೋ ಕೆಲಸಕ್ಕೆಂದೇ ಸೃಷ್ಟಿಸಿದ್ದಾನೆ ಎಂದು ಹಾಡುತ್ತಿದ್ದೆ. ಸೋಮವಾರ ಬಂದು ಆ ಕೆಲಸವನ್ನು ಯಂತ್ರ ಮಾಡುವುದನ್ನು ನೋಡುತ್ತಿದ್ದೆ.

ಆ ದಿನವೂ ಯಂತ್ರದ ಪರದೆ ಹಸಿರು ತೋರಿಸುತ್ತಿತ್ತು. ಎಲ್ಲ ಸರಿಯಿದೆ ಎಂದು ಅರ್ಥ. ಕೆಲಸದ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳಾದ ಮುದುಕಿ ಖಾಲಿ ಚೀಲ ತರಲು ಹಿಂದಿನ ಕೋಣೆಗೆ ಹೊರಟವಳು ನನ್ನ ಹತ್ತಿರ ನಿಂತಳು.

"ಏನ್ ತಮ್ಮಾ, ಧಾರಾವಾಹಿ ಇನ್ನೂ ಮುಗಿದಿಲ್ಲೇನು?"

"ಮುಗಿಯೂದಲ್ಲ ಬಿಡ ಯವ್ವಾ."

"ಇವತ್ತ ಘಾಟ ಬ್ಯಾರೆ ಐತಿ ನೋಡೋ."

"ಹೊಸಾ ಕಾಯಿ ಬಂದೈತಿ, ಅದಕ್ಕ" ಎಂದೆ.

ನನಗೆ ಗೊತ್ತಿತ್ತು, ಅದು ಹೊಸ ಕಾಯಿಯಲ್ಲ. ಆದರೂ ಅಂದೆ. ಅವಳು ಒಳಗೆ ಹೋದಳು. ನಾನು ಇನ್ನೂ ಏಳು ನಿಮಿಷ ಹಸಿರು ಪರದೆಯ ಮುಂದೆ ಕೂತಿದ್ದೆ.

ಹಿಂದಿನ ಕೋಣೆಯಲ್ಲಿ ಹಳೆಯ ಫ್ಯಾನಿನ ವೈರು ಸುಟ್ಟು ಕಿಡಿ ಚೀಲಗಳ ಮೇಲೆ ಬಿದ್ದಿತ್ತು ಎಂದು ಆಮೇಲೆ ತಿಳಿಯಿತು. ಮೆಣಸಿನಕಾಯಿಯ ಹೊಗೆ ಬೇರೆ ಹೊಗೆಯಂತಲ್ಲ, ಕಣ್ಣನ್ನೂ ಗಂಟಲನ್ನೂ ಒಟ್ಟಿಗೆ ಮುಚ್ಚಿಸುತ್ತದೆ. ಅದು ಶೆಡ್ಡಿಗೆ ನುಗ್ಗುತ್ತಲೇ ಎಲ್ಲರೂ ಅಂಗಳಕ್ಕೆ ಓಡಿದೆವು. ಮಾಲೀಕರು, "ಎಲ್ಲಾರೂ ಬಂದ್ರಿಲ್ಲೋ?" ಎಂದು ಕೂಗಿದರು. "ಬಂದೀವ್ರಿ!" ಎಂದು ಹೆಂಗಸರು ಕೆಮ್ಮುತ್ತ ಕೂಗಿದರು.

ನಾನು ಕಣ್ಣು ಮುಚ್ಚಿಕೊಂಡು ನಿಂತಿದ್ದೆ, ತೆರೆಯಲು ಆಗುತ್ತಿರಲಿಲ್ಲ. ಆಗ ಆ ಕೆಮ್ಮಿನ ಗದ್ದಲದಲ್ಲಿ ಒಂದು ಕೆಮ್ಮು ಇಲ್ಲ ಎಂಬುದು ಕೇಳಿಸಿತು. ಮುದುಕಿಯದು ಎರಡು ಸಣ್ಣ ಕೆಮ್ಮು, ಆಮೇಲೆ ತುಂಬಿದ ಕೊಡ ಇಳಿಸಿದಾಗ ಬಿಡುವಂಥ ಒಂದು ಉದ್ದ ಉಸಿರು. ಅದು ನನಗೆ ಗೊತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಯಾರೂ ಕಲಿಸಿರಲಿಲ್ಲ, ನಾನೂ ಕಲಿಯಲು ಕೂತಿರಲಿಲ್ಲ. ಇಷ್ಟು ವರ್ಷ ಅವರ ನಡುವೆ ಇದ್ದೆ, ಅಷ್ಟೇ.

ಒಬ್ಬ ಹಮಾಲನೂ ನಾನೂ ಒದ್ದೆ ಚೀಲ ಮುಖಕ್ಕೆ ಕಟ್ಟಿಕೊಂಡು ಒಳಗೆ ಹೋದೆವು. "ಯವ್ವಾ!" ಎಂದು ಒದರಿದೆ. ಚೀಲದ ರಾಶಿಯ ಹಿಂದಿನಿಂದ ಎರಡು ಸಣ್ಣ ಕೆಮ್ಮು. ಕೈಗೆ ಸೀರೆಯ ಅಂಚು ಸಿಕ್ಕಿತು. ಎಳೆದು ತರುವಾಗ ಒಂದು ಕ್ಷಣ ಕಣ್ಣು ತೆರೆದೆ. ಹೊಗೆಯೊಳಗೂ ಪರದೆ ಹಸಿರಾಗಿತ್ತು. ಅದರ ತಪ್ಪಲ್ಲ. ಬಣ್ಣ ನೋಡು ಎಂದಿದ್ದರು, ನೋಡುತ್ತಿತ್ತು.

ಅವಳನ್ನು ಹಾವೇರಿಯ ಆಸ್ಪತ್ರೆಗೆ ಸೇರಿಸಿದರು. ಉಳಿದಳು. ಜನ ನನ್ನನ್ನು ಹೊಗಳತೊಡಗಿದರು. ರಾತ್ರಿ ಕಣ್ಣು ಮುಚ್ಚಿದರೆ ಸಾಕು, ನನ್ನದೇ ದನಿ ಕೇಳಿಸುತ್ತಿತ್ತು: ಹೊಸಾ ಕಾಯಿ ಬಂದೈತಿ.

ನಮ್ಮ ಸಭೆಯಲ್ಲಿ ದೇವರು ಮಾಡಿದ್ದನ್ನು ಎದ್ದು ನಿಂತು ಹೇಳುವ ರೂಢಿಯಿದೆ, ಅದಕ್ಕೆ ಸಾಕ್ಷಿ ಎನ್ನುತ್ತೇವೆ. "ಈ ಸಲ ನಿಮ್ದ ಸಾಕ್ಷಿ, ಬ್ರದರ್" ಎಂದರು ಪಾಸ್ಟರ್. "ಮಶೀನಿಗಿಂತ ಮನಷ್ಯಾ ದೊಡ್ಡಾಂವ ಅಂತ ಎಲ್ಲಾರಿಗೂ ತಿಳೀಲಿ."

ಬರೆಯಲು ಕೂತರೆ ಒಂದು ಸಾಲೂ ಬರಲಿಲ್ಲ. ಕೊನೆಗೆ ಫೋನಿನಲ್ಲಿರುವ ಕೃತಕ ಬುದ್ಧಿಮತ್ತೆಗೆ ಹೇಳಿದೆ. ನಿಮಿಷದೊಳಗೆ ಬರೆದುಕೊಟ್ಟಿತು. ಹೆಂಡತಿ ಓದಿ ಕಣ್ಣೊರೆಸಿಕೊಂಡು, "ಇಷ್ಟ್ ಚಂದ ನೀವ್ ಎಂದೂ ಬರದಿಲ್ಲ ಬಿಡ್ರಿ" ಎಂದಳು. ಅದರಲ್ಲಿ ಎಲ್ಲವೂ ಇತ್ತು, ಏಳು ನಿಮಿಷ ಮಾತ್ರ ಇರಲಿಲ್ಲ. ಅದನ್ನು ನಾನು ಫೋನಿಗೆ ಹೇಳಿರಲೇ ಇಲ್ಲ. ರವಿವಾರ ಎದ್ದು ನಿಂತು ಒಂದು ಸಾಲು ಓದಿದೆ. ಮುಂದಕ್ಕೆ ಬಾಯಿ ಬರಲಿಲ್ಲ, ಕೂತುಬಿಟ್ಟೆ.

ಮರುದಿನ ಮಧ್ಯಾಹ್ನ ಬ್ಯಾಡಗಿಯಲ್ಲಿ ಮುದುಕಿಯ ಮನೆಗೆ ಹೋದೆ. ಆಸ್ಪತ್ರೆಯಿಂದ ಬಂದು ಎರಡು ದಿನವಾಗಿತ್ತು. ಹಣೆಗೆ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

"ಯವ್ವಾ, ಆವತ್ತ ನನಗ ಸುಟ್ಟ ವಾಸನಿ ಬಂದಿತ್ತು. ಗೊತ್ತಿದ್ದೂ ನಿನಗ ಸುಳ್ಳ ಹೇಳಿದೆ."

ಅವಳು ನನ್ನ ಮುಖ ನೋಡಿದಳು.

"ಯಾಕ?"

"ಮಶೀನು ಎಲ್ಲಾ ಬರೋಬರಿ ಐತಿ ಅಂತಿತ್ತು. ನನ್ನ ಮೂಗಿಗೆ ಇನ್ನ ಕಿಮ್ಮತ್ತಿಲ್ಲ ಅನಕೊಂಡೆ."

"ನನಗೂ ವಾಸನಿ ಬಂದಿತ್ತೋ, ಭಾಡ್ಯಾ" ಎಂದಳು. "ಸಾಲಿ ಕಲ್ತಾಂವ ಹೊಸಾ ಕಾಯಿ ಅಂದಾನ, ಖರೇ ಇರಬೇಕು ಅಂತ ಒಳಗ ಹೋದೆ."

ನಾನು ಪರದೆಯನ್ನು ನಂಬಿದ್ದೆ, ಅವಳು ನನ್ನನ್ನು.

ಎರಡು ಸಣ್ಣ ಕೆಮ್ಮು, ಒಂದು ಉದ್ದ ಉಸಿರು. "ಹೋಗ್ಲಿ ಬಿಡು. ಇನ್ನ ಮ್ಯಾಲೆ ವಾಸನಿ ಬಂದ್ರ ಒದರು. ತಿಳೀತಿಲ್ಲೋ? ಒಳಗ ಬಾ, ಚಾ ಕುಡಿ."

ಕ್ಷಮೆಯ ಬಗ್ಗೆ ಚಿಕ್ಕಂದಿನಿಂದ ಸಭೆಯಲ್ಲಿ ಪಾಸ್ಟರರ ಎಷ್ಟೋ ಪ್ರಸಂಗ ಕೇಳಿದ್ದೇನೆ. ಅದು ಹೀಗೆ ಸ್ಟೀಲು ಲೋಟದಲ್ಲಿ, ಯೇಸುವಿನ ಹೆಸರನ್ನೂ ಎತ್ತದ ಕೈಯಿಂದ ಬರಬಹುದೆಂದು ಯಾರೂ ಹೇಳಿರಲಿಲ್ಲ. ಯಂತ್ರಕ್ಕೆ ನಾಳೆ ಕೆಮ್ಮನ್ನೂ ಕಲಿಸಬಹುದು, ಕಲಿಸಲಿ, ಜೀವ ಉಳಿದೀತು. ಅದನ್ನು ಸೋಲಿಸಿದೆ ಎಂಬ ಭ್ರಮೆ ನನಗಿಲ್ಲ. ಆದರೆ ಆ ಅಂಗಳವನ್ನು ನೆನೆದಾಗಲೆಲ್ಲ, ಕೆಮ್ಮುವ ಇಡೀ ಗುಂಪಿನಲ್ಲಿ ಯಾರಿಲ್ಲವೆಂದು ಕಿವಿಗೊಟ್ಟು ನಿಂತ ದೇವರು ಕಾಣುತ್ತಾನೆ. ಆ ಏಳು ನಿಮಿಷ ಅವನಿಗೆ ಕೇಳಿಸದೆ ಹೋದದ್ದು ನನ್ನ ಕೆಮ್ಮೇ ಇರಬೇಕು. ನನ್ನನ್ನೇ ಹುಡುಕಿಕೊಂಡು ಬಂದಿದ್ದಾನೆ.

ಅಂದು ಸೋಮವಾರ. ರಾಣೆಬೆನ್ನೂರಿಗೆ ಮರಳಿ, ರಾತ್ರಿ ಉಂಡು ಮಲಗಿದೆ. ಕಣ್ಣು ಮುಚ್ಚಿದರೂ ನನ್ನ ದನಿ ಕೇಳಿಸಲಿಲ್ಲ. ಬೆಳಿಗ್ಗೆ ಕಣ್ಣು ತೆರೆದಾಗ ಹೆಂಡತಿ ಅಂಗಳಕ್ಕೆ ನೀರು ಹಾಕುತ್ತಿದ್ದಳು, ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು.